ತೋಮಣ್ಣನ ಮಂಚದ ಗೀರುಗಳು

ಹತ್ತಿರ ಬನ್ನಿ ಮಕ್ಕಳೇ, ಗದ್ದಲ ಮಾಡಬೇಡಿ. ಕಡಲ ದಂಡೆಯಲ್ಲಿ ಒಂದು ಪುಟ್ಟ ರಾಜ್ಯವಿತ್ತು. ಅಲ್ಲಿ ಮಾಸ್ತಮ್ಮ ಎಂಬ ಬಡವಿ ಇದ್ದಳು. ಒಂದು ಮಳೆಗಾಲ ಇಂಗ್ಲೆಂಡಿನ ಹಡಗೊಂದು ಬಂಡೆಗೆ ಬಡಿದು ಒಡೆಯಿತು. ಅದರಲ್ಲಿದ್ದ ಥಾಮಸ್ ಎಂಬ ಬಡಗಿ ಮಹಾಗನಿ ಎಂಬ ಬೆಲೆಬಾಳುವ ಕೆಂಪು ಮರದ ಹಲಗೆಯೊಂದನ್ನು ತಬ್ಬಿಕೊಂಡು ದಡ ಸೇರಿದ. ಮೈಯೆಲ್ಲ ಕೆಂಡದಂಥ ಜ್ವರ. ಮಾಸ್ತಮ್ಮ ಮೂರು ತಿಂಗಳು ಗಂಜಿ ಕುಡಿಸಿ ಅವನನ್ನು ಉಳಿಸಿಕೊಂಡಳು. ಅವಳ ಬಾಯಲ್ಲಿ ಅವನು ತೋಮಣ್ಣನಾದ.

ಎದ್ದು ಓಡಾಡುವಂತಾದ ಮೇಲೆ ತೋಮಣ್ಣ ಸುಮ್ಮನೆ ಕೂರಲಿಲ್ಲ. ತೇಲಿಬಂದ ಮಹಾಗನಿಯನ್ನೆಲ್ಲ ಹೆಕ್ಕಿ ತಂದ. ಒಂದು ಮಂಚ ಮಾಡಿದ, ಒಂದು ಬೀರು ಮಾಡಿದ, ಒಂದು ಕನ್ನಡಿ ಮೇಜು ಮಾಡಿದ. ಜೋಡಿಸುವಾಗ ಒಂದೊಂದೇ ಪಟ್ಟಿ ಎತ್ತಿಕೊಟ್ಟವಳು ಮಾಸ್ತಮ್ಮ.

"ಅಕ್ಕಾ, ನಿನ್ನ ಗಂಜಿಯ ಋಣ ಇದರಿಂದ ತೀರೋದಿಲ್ಲ. ಆದರೂ ಇಟ್ಕೋ" ಅಂದು, ಇನ್ನೊಂದು ಹಡಗು ಹತ್ತಿ ತನ್ನೂರಿಗೆ ಹೋದ.

ಮಾಸ್ತಮ್ಮನ ಮಕ್ಕಳು, ಮೊಮ್ಮಕ್ಕಳು ಎಲ್ಲರೂ ಆ ಮಂಚದ ಮೇಲೇ ಹುಟ್ಟಿದರು. ದಿನಾ ಬೆಳಿಗ್ಗೆ ಅದನ್ನು ಎಣ್ಣೆಬಟ್ಟೆಯಿಂದ ಒರೆಸಿ, "ತೋಮಣ್ಣಾ, ಎಲ್ಲಿದ್ದರೂ ತಣ್ಣಗಿರಪ್ಪ" ಅನ್ನುವಳು.

ಅರಮನೆಯ ಉಗ್ರಾಣಿ ಗೋಪಣ್ಣನ ಕಣ್ಣು ಆ ಮೂರು ಸಾಮಾನುಗಳ ಮೇಲೆ ಬಿತ್ತು. "ಅರಮನೆಗೆ ಅತಿಥಿಗಳು ಬರ್ತಾರೆ, ಮೂರು ದಿನದ ಮಟ್ಟಿಗೆ ಕೊಡು" ಎಂದು ಮೂರನ್ನೂ ಹೊತ್ತುಕೊಂಡು ಹೋದ.

ಮಾಸ್ತಮ್ಮ ಮೊದಲ ಸಲ ಕೇಳಲು ಹೋದಾಗ, "ಅತಿಥಿಗಳು ಇನ್ನೂ ಹೋಗಿಲ್ಲ" ಅಂದ. ಎರಡನೇ ಸಲ, "ಯಾವ ಮಂಚ?" ಅಂದ. ಮೂರನೇ ಸಲ, "ನನ್ನ ಮಂಚ ಕೇಳೋಕೆ ನೀನ್ಯಾರೇ?" ಅಂದ. ಇತ್ತ ಮನೆಯಲ್ಲಿ ಮೊಮ್ಮಗಳು ತುಂಬು ಬಸುರಿ. ನನ್ನ ಮರಿಮೊಮ್ಮಗು ಬರಿ ನೆಲದ ಮೇಲೆ ಹುಟ್ಟಬೇಕೇ ಎಂದು ಮುದುಕಿ ಮನೆಯಿಂದ ಹೊರಟಳು. ನೇರ ರಾಜನ ಬಳಿ ಹೋಗಿ ದೂರು ಕೊಟ್ಟಳು. ರಾಜ ಗೋಪಣ್ಣನನ್ನು ಕರೆಸಿದ.

"ಮಹಾಸ್ವಾಮಿ, ಹಡಗಿನಲ್ಲಿ ತರಿಸಿ, ಕೈಯಾರೆ ಜೋಡಿಸಿದವನು ನಾನು!" ಎಂದು ಗೋಪಣ್ಣ ಎದೆ ತಟ್ಟಿಕೊಂಡ.

"ಹಾಗಾದ್ರೆ ಮಂಚ ಬಿಚ್ಚಿಸಿ ಬುದ್ಧೀ," ಅಂದಳು ಮಾಸ್ತಮ್ಮ. "ಅವರೇ ಮತ್ತೆ ಜೋಡಿಸಲಿ. ಜೋಡಿಸಿ, ಮಲಗಿ ತೋರಿಸಲಿ."

ರಾಜನಿಗೂ ಸರಿ ಅನ್ನಿಸಿತು. ಬಿಚ್ಚಿಸಿದರು. ಗೋಪಣ್ಣ ಜೋಡಿಸಿದ, ಮಂಚ ಒಂದು ಕಡೆಗೆ ವಾಲಿತು. ಮತ್ತೆ ಜೋಡಿಸಿದ, ಕಿರ್ರೆಂದಿತು. ಮೂರನೇ ಸಲ ಬೆವರು ಸುರಿಸುತ್ತ ಸುತ್ತಿಗೆಯಿಂದ ಗುದ್ದಿ ಗುದ್ದಿ ಕೂರಿಸಿ, ಮಲಗಿದ. ದಡಾರ್! ಉಗ್ರಾಣಿ ನೆಲದ ಮೇಲೆ, ಪೇಟ ರಾಜನ ಪಾದದ ಹತ್ತಿರ.

ಮಾಸ್ತಮ್ಮ ಸುತ್ತಿಗೆ ಮುಟ್ಟಲಿಲ್ಲ. ಮಬ್ಬುಗಣ್ಣು ಮುಚ್ಚಿ, ಪಟ್ಟಿಗಳ ತುದಿಯನ್ನು ಬೆರಳಿನಿಂದ ಸವರಿದಳು. "ಇಲ್ಲಿ ನೋಡಿ ಬುದ್ಧೀ, ಉಳಿಯ ಗೀರು. ಒಂದು ಗೀರಿನ ಕಾಲಿಗೆ ಒಂದು ಗೀರಿನ ಪಟ್ಟಿ. ಎರಡಕ್ಕೆ ಎರಡು. ಮೂರಕ್ಕೆ ಮೂರು, ನಾಲ್ಕಕ್ಕೆ ನಾಲ್ಕು. ಒಂದರ ಪಟ್ಟಿ ಇನ್ನೊಂದಕ್ಕೆ ಕೂರೋದಿಲ್ಲ. ಅವರ ನಾಡಿನ ಬಡಗಿಗಳ ಪದ್ಧತಿಯಂತೆ, ನಮ್ಮ ತೋಮಣ್ಣ ಹೇಳಿಕೊಟ್ಟಿದ್ದ."

ಗೀರಿಗೆ ಗೀರು ಹೊಂದಿಸಿ ಅವಳೇ ಜೋಡಿಸಿ ಮಲಗಿ ತೋರಿಸಿದಳು; ಮಂಚ ಅಲುಗಾಡದೆ ನಿಂತಿತು. ಮೂರೂ ಸಾಮಾನುಗಳನ್ನು ಗೋಪಣ್ಣನೇ ಹೊತ್ತು ಅವಳ ಮನೆಗೆ ಮುಟ್ಟಿಸಬೇಕಾಯಿತು. ಉಗ್ರಾಣದ ಬೀಗದಕೈಯೂ ಹೋಯಿತು.

ಎಂಟನೇ ದಿನ ಮರಿಮೊಮ್ಮಗಳು ಆ ಮಂಚದ ಮೇಲೇ ಕಣ್ಣು ಬಿಟ್ಟಳು. ಮಾಸ್ತಮ್ಮ ಕೂಸಿನ ಎಳೆಬೆರಳು ಹಿಡಿದು ಮೊದಲ ಗೀರಿನ ಮೇಲೆ ಆಡಿಸಿದಳು. "ನಿನ್ನ ತೋಮಜ್ಜ ಕಣೇ, ಕೈಮುಗಿ" ಅಂದಳು.

ಮಕ್ಕಳೇ, ಕಸಿದುಕೊಂಡವನಿಗೆ ಮಂಚದ ಹೊಳಪಷ್ಟೇ ಕಂಡಿತ್ತು. ಮಾಡಿದ ಕೈಯನ್ನು ದಿನಾ ನೆನೆದವಳಿಗೆ ಅದರ ಗುಟ್ಟು ಗೊತ್ತಿತ್ತು. ಮೋಸ ಮಾಡಬೇಡಿ. ಉಪಕಾರ ಮಾಡಿದವರನ್ನು ಮರೆಯಬೇಡಿ.