ಮುರಿಯದ ಹ್ಯಾಂಗರ್

“ಅಪ್ಪಾವರೇ, ಹಲವರು ಉಳಿಯಲಿ ಎಂದು ಒಬ್ಬ ಮುರಿದುಹೋದರೆ ಅದು ಧರ್ಮವೇ?”

ಮಠದ ಮರಿಶಿಷ್ಯ ಅಡವಯ್ಯ ಹೀಗೆ ಕೇಳಿದಾಗ ನಿರುಪಾದಿ ಸ್ವಾಮಿಗಳು ಮಠದ ಅಡುಗೆಮನೆಯ ಕಟ್ಟೆಯ ಮೇಲೆ ಕುಳಿತು ಮೊರದಲ್ಲಿ ತೊಗರಿಬೇಳೆ ಹಾಕಿಕೊಂಡು ಕಲ್ಲು ಆರಿಸುತ್ತಿದ್ದರು. ಬೆಳಿಗ್ಗೆಯೇ ಊರೊಳಗೆ ಎಲ್ಲಿಗೋ ಹೋಗಿ ಬಂದಿದ್ದರು. ಎಲ್ಲಿಗೆ ಎಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಈಗಲೂ ತಲೆ ಎತ್ತಲಿಲ್ಲ. ಈ ಪ್ರಶ್ನೆ ನಿನ್ನದೋ, ಯಾರಾದರೂ ಕಟ್ಟಿಕೊಟ್ಟ ಬುತ್ತಿಯೋ ಎಂದು ಮಾತ್ರ ಕೇಳಿದರು. ನನ್ನದೇ ಎಂದ ಅಡವಯ್ಯ. ಅದು ಅರ್ಧ ಸುಳ್ಳಾಗಿತ್ತು.

ಮೂರು ದಿನದ ಹಿಂದೆ ಮಠದ ಜೀಪು ಸಂತೆಯ ರಸ್ತೆಯಲ್ಲಿ ಮೇವಿನ ಹೊರೆ ಹೊತ್ತು ಹೊರಟಿದ್ದ ಒಬ್ಬ ಮುದುಕನಿಗೆ ಬಡಿದಿತ್ತು. ಮುದುಕನ ಕಾಲು ಎರಡು ಕಡೆ ಮುರಿದಿತ್ತು. ಓಡಿಸುತ್ತಿದ್ದವನು ಮಠದ ಕಾರಭಾರಿ ಪಂಪಣ್ಣ, ನಿಲ್ಲಿಸದೆ ಬಂದುಬಿಟ್ಟಿದ್ದ. ಜೀಪಿನ ನಂಬರನ್ನು ಯಾರೋ ನೋಡಿದ್ದರು. ನಾಳೆ ಠಾಣೆಯಲ್ಲಿ ಹೇಳಿಕೆ ಕೊಡಬೇಕಿತ್ತು. ಪಂಪಣ್ಣ ಅಡವಯ್ಯನನ್ನು ಉಗ್ರಾಣದ ಹಿಂದೆ ಕರೆದು, ಜೀಪು ನಾನೇ ಓಡಿಸುತ್ತಿದ್ದೆ ಎಂದು ಹೇಳಿಬಿಡು ಎಂದಿದ್ದ. ಕಾರಭಾರಿಯ ಹೆಸರು ಬಂದರೆ ಮಠದ ಹೆಸರು ಹೋಯಿತು, ಮುನ್ನೂರು ಮಕ್ಕಳ ಊಟ ನಿಂತಿತು ಎಂದು ಹೆದರಿಸಿದ್ದ. ನಿನಗೇನು, ಹಿಂದಿಲ್ಲ ಮುಂದಿಲ್ಲ, ನಿನ್ನ ಜಾಗಕ್ಕೆ ಇನ್ನೊಬ್ಬ ಮರಿ ಬಂದಾನು, ಮಠ ಇನ್ನೊಂದು ಬಂದೀತೇ ಎಂದು ಬೆನ್ನು ಸವರಿದ್ದ. ಅಪ್ಪಾವರ ಕಿವಿಗೆ ಮಾತ್ರ ಹಾಕಬೇಡ, ಹಿರಿಯರು ನೊಂದುಕೊಳ್ಳುತ್ತಾರೆ ಎಂದೂ ಸೇರಿಸಿದ್ದ. ಅಡವಯ್ಯನಿಗೆ ಮೊದಲು ಭಯವಾಗಿತ್ತು. ಎರಡು ದಿನ ಅದನ್ನೇ ಯೋಚಿಸಿದ ಮೇಲೆ ಇದು ತ್ಯಾಗವೇ ಇರಬೇಕು ಅನ್ನಿಸತೊಡಗಿತ್ತು. ಒಳಗೊಳಗೆ ಸ್ವಲ್ಪ ಹೆಮ್ಮೆಯೂ ಆಗಿತ್ತು.

ಸ್ವಾಮಿಗಳು ಮೊರ ಬದಿಗಿಟ್ಟರು. ಸೊಂಟದ ಕೀಲಿಗೊಂಚಲಿನಿಂದ ಒಂದು ಲೋಹದ ತುಂಡು ಬಿಚ್ಚಿ ಅವನತ್ತ ಎಸೆದರು. ಹೆಬ್ಬೆರಳಿನಷ್ಟು ಉದ್ದ, ಒಂದು ತೂತು, ಮೇಲಿನ ಅಂಚು ಮುರಿದದ್ದು. ಏನಿದು ಎಂದು ಕೇಳಿದರು. ತಿಳಿಯದು ಎಂದ ಅಡವಯ್ಯ.

ಹೇಗೆ ತಿಳಿದೀತು ಎಂದು ಸ್ವಾಮಿಗಳು ನಕ್ಕರು. ಭಕ್ತರು ಬರೆಸಿದ ನನ್ನ ಚರಿತ್ರೆಯಲ್ಲಿ ಅಪ್ಪಾವರು ಹನ್ನೆರಡು ವರ್ಷ ಗವಿಯಲ್ಲಿ ತಪಸ್ಸು ಮಾಡಿದರು ಎಂದಿದೆ, ಶುದ್ಧ ಸುಳ್ಳು. ಆ ಹನ್ನೆರಡು ವರ್ಷವೂ ಸೈಕಲ್ ರಿಪೇರಿ ಮಾಡಿದ್ದು, ಕೈ ಮೂಸಿ ನೋಡಿದರೆ ಇನ್ನೂ ಗ್ರೀಸು ನಾತ ಬರುತ್ತದೆ ಎಂದರು. ಆಮೇಲೆ ಕತೆ ಹೇಳಿದರು.

ಕಲ್ಲುಗುಡ್ಡಗಳ ನಡುವಿನ ಒಂದು ಊರಿನಲ್ಲಿ ಒಬ್ಬ ಹೆಂಗಸು ಸೈಕಲ್ ರಿಪೇರಿ ಮಾಡುತ್ತಿದ್ದಳು. ಅಂಗಡಿ ಅಪ್ಪನಿಂದ ಬಂದದ್ದು, ಕೈಯ ಕೆಲಸ ಅಪ್ಪನಿಂದ ಬಂದದ್ದು, ಬಾಯಿ ಮಾತ್ರ ಅವಳದೇ. ಅದೇ ಊರಿನಲ್ಲಿ ಒಬ್ಬ ವ್ಯಾಪಾರಿ ಗುಡ್ಡ ಹತ್ತುವ ಗೇರಿನ ಸೈಕಲ್ಲುಗಳನ್ನು ಮಾರುತ್ತಿದ್ದ. ಮಾರುವುದು ಅವನು, ಸರಿಮಾಡುವುದು ಇವಳು. ವ್ಯಾಪಾರಿಗೆ ಒಬ್ಬನೇ ಮಗ. ಆ ಮಗ ಗುಡ್ಡದ ಪಂದ್ಯಗಳಲ್ಲಿ ಸೈಕಲ್ ಓಡಿಸುತ್ತಿದ್ದ. ಅವನು ಗೆದ್ದ ಮರುದಿನ ಅಪ್ಪನ ಅಂಗಡಿಯಲ್ಲಿ ಕಾಲಿಡಲು ಜಾಗ ಇರುತ್ತಿರಲಿಲ್ಲ.

ಆ ಸೈಕಲ್ಲುಗಳಲ್ಲಿ ಸರಪಳಿಯನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸುವ ಗೇರು ಹಿಂದಿನ ಗಾಲಿಯ ಬಲಗಡೆ ಜೋತು ಬಿದ್ದಿರುತ್ತದೆ. ಅದನ್ನು ಫ್ರೇಮಿಗೆ ಹಿಡಿದು ನಿಲ್ಲಿಸುವ ಪುಟ್ಟ ತುಂಡೇ ಹ್ಯಾಂಗರ್. ಹಳೆಯ ಕಬ್ಬಿಣದ ಸೈಕಲ್ಲುಗಳಲ್ಲಿ ಹ್ಯಾಂಗರ್ ಫ್ರೇಮಿನದೇ ಅಂಗವಾಗಿತ್ತು. ಬಾಗಿದರೆ ಮತ್ತೆ ನೆಟ್ಟಗೆ ಮಾಡಬಹುದಿತ್ತು, ಕಬ್ಬಿಣ ಸಹಿಸುತ್ತಿತ್ತು. ಅಲ್ಯೂಮಿನಿಯಂ ಸಹಿಸುವುದಿಲ್ಲ. ಒಮ್ಮೆ ಬಾಗಿದರೆ ಹೇಗೋ ಉಳಿದೀತು, ಮತ್ತೆ ಬಾಗಿದರೆ ಮುರಿಯುತ್ತದೆ. ಹ್ಯಾಂಗರ್ ಫ್ರೇಮಿನ ಅಂಗವೇ ಆಗಿದ್ದರೆ ಅದರ ಜೊತೆಗೆ ಇಡೀ ಫ್ರೇಮು ಗುಜರಿಗೆ. ಅದಕ್ಕೇ ತಿಳಿದವರು ಹ್ಯಾಂಗರನ್ನು ಬೇರೆ ಮಾಡಿ, ಬೇಕೆಂದೇ ಮೆತ್ತಗೆ ಇಟ್ಟು, ಸ್ಕ್ರೂ ಹಾಕಿ ಕೂಡಿಸಿದರು. ಕಲ್ಲು ಬಡಿದಾಗ ಅದು ಮುರಿಯಬೇಕು, ಫ್ರೇಮು ಉಳಿಯಬೇಕು. ಮುರಿದದ್ದನ್ನು ಬಿಚ್ಚಿ ಹೊಸದನ್ನು ಹಾಕಿದರಾಯಿತು.

ಇಲ್ಲಿಗೆ ಬಂದಾಗ ಅಡವಯ್ಯನ ಮುಖ ಅರಳಿತು. ಹಾಗಾದರೆ ಮುರಿಯುವುದೇ ಅದರ ಧರ್ಮ ಎಂದ. ಅವಸರ ಮಾಡಬೇಡ, ಕತೆ ಇನ್ನೂ ಹೊಸ್ತಿಲು ದಾಟಿಲ್ಲ ಎಂದರು ಸ್ವಾಮಿಗಳು.

ವ್ಯಾಪಾರಿಯ ಮಗನ ಸೈಕಲ್ಲಿನಲ್ಲಿ ಹ್ಯಾಂಗರ್ ನಿಲ್ಲುತ್ತಲೇ ಇರಲಿಲ್ಲ. ಇಳಿದವನೇ ಸೈಕಲ್ಲನ್ನು ಗೇರಿರುವ ಬಲ ಮಗ್ಗುಲಿಗೇ ಎಸೆಯುತ್ತಿದ್ದ. ಏರಿನಲ್ಲಿ ಪೆಡಲಿನ ಮೇಲೆ ನಿಂತು, ಮೈಭಾರವೆಲ್ಲ ಹಾಕಿ, ಅದೇ ಹೊತ್ತಿಗೆ ಗೇರು ಎಳೆಯುತ್ತಿದ್ದ. ಮೊದಲ ಸಲ ಹ್ಯಾಂಗರ್ ಬಾಗಿದಾಗ ಹೆಂಗಸು ಒಂದು ಹಳೆಯ ಗಾಲಿ ತಂದು, ಅದರ ಅಚ್ಚನ್ನು ಹ್ಯಾಂಗರಿನ ತೂತಿಗೆ ತಿರುಗಿಸಿ ಕೂಡಿಸಿದಳು. ಈಗ ಎರಡು ಗಾಲಿಗಳು ಪಕ್ಕಪಕ್ಕದಲ್ಲಿ ನಿಂತವು. ಎರಡರ ನಡುವಿನ ಸಂದು ಸುತ್ತಲೂ ಒಂದೇ ಸಮ ಆಗುವವರೆಗೆ ಹೊರಗಿನ ಗಾಲಿಯನ್ನು ಮೆಲ್ಲಗೆ ಒತ್ತಿ ಒತ್ತಿ ಹ್ಯಾಂಗರನ್ನು ನೇರಕ್ಕೆ ತಂದಳು. ಎರಡನೆಯ ಸಲ ಅದು ಮುರಿಯಿತು, ಹೊಸದು ಹಾಕಿದಳು. ಮೂರನೆಯದು, ನಾಲ್ಕನೆಯದು. ಐದನೆಯದು ಮುರಿದ ದಿನ, ಹ್ಯಾಂಗರ್ ಕಲ್ಲಿನ ಏಟಿಗೆ ಮಾಡಿದ್ದು, ನಿನ್ನ ಸೊಕ್ಕಿಗೆ ಮಾಡಿದ್ದಲ್ಲ, ಸೈಕಲ್ಲನ್ನು ಎಡಕ್ಕೆ ಮಲಗಿಸುವುದನ್ನು ಕಲಿ ಎಂದು ಮುಖಕ್ಕೇ ಹೇಳಿದಳು.

ಕುಣಿಯಲು ಬಾರದವಳು ನೆಲ ಡೊಂಕು ಎಂದಳಂತೆ. ಮಗ ಅಪ್ಪನ ಬಳಿ ಹೋಗಿ ಹ್ಯಾಂಗರೇ ಕೆಟ್ಟದ್ದು ಎಂದ. ವ್ಯಾಪಾರಿ ಬಂದು ಮುರಿಯದ ಹ್ಯಾಂಗರ್ ಮಾಡಿಕೊಡು ಎಂದ. ಆಗದು ಎಂದಳು. ಇದು ಮುರಿಯುವುದರಿಂದಲೇ ಫ್ರೇಮು ಉಳಿದಿದೆ ಎಂದಳು. ವ್ಯಾಪಾರಿಗೆ ಅದು ಅಧಿಕಪ್ರಸಂಗವಾಗಿ ಕಂಡಿತು. ಲೇತ್ ಅಂಗಡಿಯವನಿಗೆ ಹೇಳಿ ಗಟ್ಟಿ ಉಕ್ಕಿನಲ್ಲಿ ಒಂದನ್ನು ಕಡಿಸಿ ಮಗನ ಸೈಕಲ್ಲಿಗೆ ಹಾಕಿಸಿದ. ಮಗ ಹತ್ತು ಸಲ ಎಸೆದ, ಹತ್ತು ಸಲವೂ ಹ್ಯಾಂಗರ್ ಜಪ್ಪಯ್ಯ ಎನ್ನಲಿಲ್ಲ. ನಮ್ಮ ಸೈಕಲ್ಲಿನ ಹ್ಯಾಂಗರ್ ಮುರಿಯುವುದೇ ಇಲ್ಲ ಎಂದು ವ್ಯಾಪಾರಿ ಬಂದವರಿಗೆಲ್ಲ ಹೇಳಿದ.

ದೊಡ್ಡ ಪಂದ್ಯದ ದಿನ ಬಂತು. ನಾಲ್ಕು ಊರಿನ ವ್ಯಾಪಾರಿಗಳು ನೋಡಲು ಬಂದಿದ್ದರು. ಇಳಿಜಾರಿನಲ್ಲಿ ಮಗ ವೇಗ ತಗ್ಗಿಸಬೇಕಾದಲ್ಲಿ ತಗ್ಗಿಸಲಿಲ್ಲ. ಒಂದು ಬಂಡೆ ಹಿಂದಿನ ಗೇರಿಗೆ ಬಡಿಯಿತು. ಉಕ್ಕಿನ ಹ್ಯಾಂಗರ್ ಅಲುಗಲಿಲ್ಲ. ಏಟು ಎಲ್ಲಿಗಾದರೂ ಹೋಗಲೇಬೇಕಲ್ಲ, ಅದು ಫ್ರೇಮಿಗೆ ಹೋಯಿತು. ಗಾಲಿಯ ಅಚ್ಚು ಕೂರುವ ಜಾಗವೇ ಸೀಳಿಹೋಯಿತು. ಮಗ ಎಲ್ಲರ ಕಣ್ಣೆದುರಿಗೆ ಜಾರುತ್ತ ಹೋಗಿ ಮುಳ್ಳುಕಂಟಿಯಲ್ಲಿ ಬಿದ್ದ. ಮೈ ತರಚಿದ್ದು ಬಿಟ್ಟರೆ ಅವನಿಗೆ ಏನೂ ಆಗಲಿಲ್ಲ.

ವ್ಯಾಪಾರಿ ಸೀಳಿದ ಫ್ರೇಮನ್ನು ಹೊರಿಸಿಕೊಂಡು ಹೆಂಗಸಿನ ಅಂಗಡಿಗೆ ಬಂದ. ಕೂಗಾಡಲಿಲ್ಲ. ಅಂಥವರು ಕೆಲಸವಾಗಬೇಕಾದಾಗ ಕೂಗಾಡುವುದಿಲ್ಲ. ಸ್ಟೂಲಿನ ಮೇಲೆ ಕುಳಿತು ನೀರು ಕೇಳಿ ಕುಡಿದ. ನಾಳೆ ವ್ಯಾಪಾರಿಗಳೆಲ್ಲ ಸೇರುತ್ತಾರೆ, ಹ್ಯಾಂಗರಿನ ಸ್ಕ್ರೂ ಬಿಗಿ ಮಾಡುವುದನ್ನು ನಾನು ಮರೆತಿದ್ದೆ ಎಂದು ನೀನು ಹೇಳಬೇಕು ಎಂದ. ಮಿಸ್ತ್ರಿ ತಪ್ಪಿದರೆ ಯಾರೂ ಮನಸ್ಸಿಗೆ ಹಚ್ಚಿಕೊಳ್ಳುವುದಿಲ್ಲ, ಮಿಸ್ತ್ರಿಗಳು ಬೇಕಾದಷ್ಟು ಸಿಗುತ್ತಾರೆ. ಅಂಗಡಿಯ ಹೆಸರು ಹೋದರೆ ಎಲ್ಲರ ಅನ್ನವೂ ಹೋಯಿತು, ನಿನ್ನದೂ ಸೇರಿ ಎಂದ. ಕೊನೆಗೆ ಅವಳ ಮಾತನ್ನೇ ಎತ್ತಿ ಅವಳ ಮುಂದಿಟ್ಟ.

“ಹ್ಯಾಂಗರ್ ಮುರಿದು ಫ್ರೇಮು ಉಳಿಯಬೇಕು ಎಂದು ಹೇಳಿದವಳು ನೀನೇ ಅಲ್ಲವೇ?”

ಹೆಂಗಸು ಕೈಯ ಗ್ರೀಸು ಒರೆಸಿಕೊಂಡಳು.

“ಹೌದು ಸಾಹುಕಾರರೇ, ನಾನೇ ಹೇಳಿದ್ದು. ಮುರಿದ ಹ್ಯಾಂಗರನ್ನು ಡಬ್ಬಿಗಟ್ಟಲೆ ಕಂಡಿದ್ದೇನೆ. ಅವನ್ನು ಹುಟ್ಟಿಸಿದ್ದು ಫ್ರೇಮು ಉಳಿಯಲಿ ಎಂದು, ಸವಾರನ ಮಾನ ಉಳಿಯಲಿ ಎಂದಲ್ಲ. ನಿಮ್ಮ ಮಗ ಸವಾರ. ಅವನಿಗಾಗಿ ನಾನು ಮುರಿಯುವುದಿಲ್ಲ.”

ವ್ಯಾಪಾರಿ ಎದ್ದು ಹೋದ. ಫ್ರೇಮನ್ನು ಅಲ್ಲೇ ಬಿಟ್ಟು ಹೋದದ್ದು ಅವನ ತಪ್ಪು. ಬೆಳಿಗ್ಗೆ ಅವನು ನಾಲ್ಕು ಊರಿನವರ ಮುಂದೆ ಮಿಸ್ತ್ರಿ ಸ್ಕ್ರೂ ಬಿಗಿ ಮಾಡಿರಲಿಲ್ಲ ಎಂದು ಹೇಳುವಷ್ಟರಲ್ಲಿ ಇವಳು ಆ ಫ್ರೇಮನ್ನು ಅಂಗಡಿಯ ಮುಂದಿನ ಕಂಬಕ್ಕೆ ನೇತುಹಾಕಿದ್ದಳು. ಒಂದು ಅಕ್ಷರ ಬರೆಯಲಿಲ್ಲ, ಒಬ್ಬರನ್ನೂ ಕರೆಯಲಿಲ್ಲ. ಸ್ಕ್ರೂ ಕಚ್ಚಿಕೊಂಡು ಉಕ್ಕಿನ ಹ್ಯಾಂಗರ್ ನೆಟ್ಟಗೆ ನಿಂತಿತ್ತು, ಅದರ ಪಕ್ಕದಲ್ಲೇ ಫ್ರೇಮು ಸೀಳಿತ್ತು. ಸೈಕಲ್ ತಿಳಿದವರು ಬಂದು ನೋಡಿ, ಸ್ಕ್ರೂವನ್ನು ಬೆರಳಿನಿಂದ ಅಲುಗಿಸಿ ನೋಡಿ, ಬಿಗಿಯಾಗಿಯೇ ಇದೆ ಎಂದು ತಿಳಿದುಕೊಂಡು ಹೋದರು.

ಆಮೇಲೆ ಅವಳು ಗೆದ್ದಳೇ ಎಂದು ಕೇಳಬೇಡ ಎಂದರು ಸ್ವಾಮಿಗಳು. ವ್ಯಾಪಾರಿ ಅವಳಿಗೆ ಕೆಲಸ ಕೊಡುವುದನ್ನು ಬಿಟ್ಟ. ಅವಳು ಆ ವರ್ಷವೆಲ್ಲ ಪಂಕ್ಚರ್ ಹಾಕಿ ಬದುಕಿದಳು. ಯಾರೋ ಪುಣ್ಯಾತ್ಮರು, ಸುಮ್ಮನೆ ಒಪ್ಪಿಕೊಂಡಿದ್ದರೆ ಏನು ಗಂಟು ಹೋಗುತ್ತಿತ್ತು ಎಂದು ಬುದ್ಧಿ ಹೇಳಿದಾಗ, ಇನ್ನೊಬ್ಬರ ಸುಳ್ಳಿಗೆ ಸ್ಕ್ರೂ ಆಗಿ ಬದುಕುವುದಕ್ಕಿಂತ ಪಂಕ್ಚರ್ ವಾಸಿ ಎಂದು ಪಂಪು ಒತ್ತುತ್ತ ಕುಳಿತಳು. ಆ ಫ್ರೇಮನ್ನು ಮಾತ್ರ ಇಳಿಸಲಿಲ್ಲ. ಅವಳ ಕೈಕೆಳಗೇ ಸ್ವಾಮಿಗಳು ಗಾಲಿ ಕೂಡಿಸಲು ಕಲಿತದ್ದು. ಕಾವಿ ಉಡಲು ಹೊರಟ ದಿನ ಅವಳು ಹಳೆಯ ಡಬ್ಬಿಯಿಂದ ಈ ತುಂಡನ್ನು ತೆಗೆದು, ಮಠದಲ್ಲಿ ಇದು ನಿನಗೆ ಬೇಕಾಗುತ್ತದೆ ಎಂದು ಕೊಟ್ಟಿದ್ದಳು.

ಸ್ವಾಮಿಗಳು ಮತ್ತೆ ಮೊರ ತೊಡೆಯ ಮೇಲೆ ಇಟ್ಟುಕೊಂಡು ಬೇಳೆಗೆ ಕೈಹಾಕಿದರು. ಅಡವಯ್ಯನಿಗೆ ಸಮಾಧಾನವಾಗಲಿಲ್ಲ. ಎರಡು ದಿನ ಕಷ್ಟಪಟ್ಟು ಕಟ್ಟಿಕೊಂಡ ಹೆಮ್ಮೆ ಅಷ್ಟು ಸುಲಭಕ್ಕೆ ಬಿಡುತ್ತದೆಯೇ. ಆ ವ್ಯಾಪಾರಿಯದು ಬರೀ ಒಂದು ಅಂಗಡಿ ಎಂದ. ಫ್ರೇಮು ಅದಕ್ಕಿಂತ ದೊಡ್ಡದಾಗಿದ್ದರೆ, ಮುನ್ನೂರು ಮಕ್ಕಳು ಅದನ್ನೇ ನಂಬಿ ಉಣ್ಣುತ್ತಿದ್ದರೆ ಆಗೇನು ಮಾಡಬೇಕು ಎಂದು ಕೇಳಿದ. ಪಂಪಣ್ಣನ ಹೆಸರನ್ನು ಆಗಲೂ ಎತ್ತಲಿಲ್ಲ, ಠಾಣೆಯ ಮಾತನ್ನೂ ಎತ್ತಲಿಲ್ಲ.

ಸ್ವಾಮಿಗಳು ಬೇಳೆಯಿಂದ ಒಂದು ಕಲ್ಲು ಹೆಕ್ಕಿ ಹೊರಗೆ ಎಸೆದು, ಮೊದಲ ಸಲ ಅವನ ಮುಖ ನೋಡಿದರು.

“ತಮ್ಮಾ, ಆ ಮುದುಕನ ಕಾಲಿನ ಮೇಲೆ ಜೀಪು ಹತ್ತಿಸಿದವನು ಫ್ರೇಮೋ, ಸವಾರನೋ?”