ಎರಡು ಗೂಟಗಳ ನಡುವೆ

"ಬುದ್ಧೀ, ಒಬ್ಬ ಮನುಷ್ಯನನ್ನು ಅಳೆಯಲು ಅವನು ಎಲ್ಲಿಂದ ಹೊರಟ, ಎಲ್ಲಿಗೆ ಬಂದು ಬಿದ್ದ ಎಂಬೆರಡು ಗೊತ್ತಿದ್ದರೆ ಸಾಲದೇ?" ಎಂದು ಶಿಷ್ಯ ನಿರ್ವಾಣಿ ಕೇಳಿದ.

ಕೇಳುವುದಕ್ಕೆ ಕಾರಣವಿತ್ತು. ಮಡಿವಾಳ ಎಂಬ ಹಳೆಯ ಶಿಷ್ಯ ಅಂದು ಬೆಳಿಗ್ಗೆ ಮಠದ ಬಾಗಿಲಿಗೆ ಬಂದು ನಿಂತಿದ್ದ. ಮತ್ತೆ ಸೇರಿಸಿಕೊಳ್ಳಿ ಎಂದು ಬೇಡುತ್ತಿದ್ದ. ಸೇರಿಸಬೇಕೋ ಕಳಿಸಬೇಕೋ ನೀನೇ ಹೇಳು ಎಂದು ಗುರುಗಳು ಆ ಹೊರೆಯನ್ನು ನಿರ್ವಾಣಿಯ ಹೆಗಲಿಗೆ ದಾಟಿಸಿದ್ದರು. ಮಡಿವಾಳ ಮೊದಲು ಮಠಕ್ಕೆ ಬಂದದ್ದು ದಾಸೋಹದ ಅಕ್ಕಿ ಕದಿಯಲು. ಸಿಕ್ಕಿಬಿದ್ದು, ಇಲ್ಲೇ ಉಳಿದ. ವರ್ಷಗಳ ಮೇಲೆ ಬಿಟ್ಟು ಹೋದದ್ದು ಜಗಳವಾಡಿ, ಕಾವಿಬಟ್ಟೆಯನ್ನು ಅಂಗಳಕ್ಕೆ ಎಸೆದು. ಎರಡನ್ನೂ ನಿರ್ವಾಣಿ ಕಣ್ಣಾರೆ ಕಂಡಿದ್ದ.

"ಸಾಲುತ್ತದೋ ಇಲ್ಲವೋ ಆಮೇಲೆ ನೋಡೋಣ. ಮಗ್ಗಿ ನೆನಪಿದೆಯೋ, ಶಾಸ್ತ್ರ ಓದಿ ಅದನ್ನೂ ಮರೆತೆಯೋ?" ಎಂದರು ಗುರುಗಳು. ನೆನಪಿದೆ ಎಂದ ನಿರ್ವಾಣಿ. "ಹಾಗಾದರೆ ಕೂತುಕೊ" ಎಂದು ಅವರು ಕತೆ ಶುರುಮಾಡಿದರು.

ಒಂದು ಹೊಳೆಯ ದಡದಲ್ಲಿ ಒಬ್ಬ ರೈತನಿದ್ದ. ಹೊಳೆಯಲ್ಲಿ ಒಂದು ನಡುಗಡ್ಡೆ. ರೈತನ ಮಗಳನ್ನು ಅಲ್ಲಿಗೇ ಮದುವೆ ಮಾಡಿಕೊಟ್ಟಿದ್ದರು. ಮಳೆಗಾಲದಲ್ಲಿ ಹೊಳೆ ತುಂಬಿದರೆ ಹರಿಗೋಲು ಹಾಕುವಂತಿಲ್ಲ. ಆಗ ಅಲ್ಲಿ ಯಾರಿಗಾದರೂ ಚಳಿಜ್ವರ ಬಂದರೆ ಮನೆಯ ಮೇಲೆ ಕೆಂಪು ಬಟ್ಟೆ ಕಟ್ಟುವುದು ರೂಢಿ. ಆ ವರ್ಷ ಕೆಂಪು ಬಟ್ಟೆ ಕಂಡದ್ದು ಮಗಳ ಮನೆಯ ಮೇಲೆ. ಮನೆಯಲ್ಲಿ ಹಾಲು ಕುಡಿಯುವ ಕೂಸು. ಜ್ವರ ತಾಯಿಗೋ ಕೂಸಿಗೋ ಎಂದು ಈಚೆ ದಡದವರಿಗೆ ತಿಳಿಯುವ ಬಗೆಯಿಲ್ಲ. ರೈತನಿಗೆ ಅನ್ನ ಸೇರಲಿಲ್ಲ.

ಊರಿನ ವೈದ್ಯನ ಬಳಿ ಆ ಜ್ವರದ ಮದ್ದು ಎರಡೇ ಗಂಟು ಉಳಿದಿತ್ತು. ಎರಡನ್ನೂ ಕೊಟ್ಟ. ಆಚೆಗೆ ದಾಟಿಸುವುದು ಹೇಗೆ? ಕೈಯಿಂದ ಎಸೆದರೆ ಅರ್ಧ ಹೊಳೆಯನ್ನೂ ಮುಟ್ಟದು. ರೈತ ತನ್ನ ಬಾವಿಯಲ್ಲಿ ನೀರೆತ್ತುವ ಏತವನ್ನು ಕಿತ್ತು ತಂದ. ಏತದ ಒಂದು ತುದಿಗೆ ಭಾರದ ಕಲ್ಲು ಇದ್ದೇ ಇರುತ್ತದೆ. ನೀರಿನ ಬಾನಿ ತೂಗುವ ಇನ್ನೊಂದು ತುದಿಗೆ ಚರ್ಮದ ಚೀಲ ಕಟ್ಟಿದ. ಚೀಲದ ತುದಿಯನ್ನು ಕೆಳಗೆ ಜಗ್ಗಿ ಬಿಟ್ಟರೆ ಕಲ್ಲಿನ ಭಾರಕ್ಕೆ ಅದು ರಪ್ಪನೆ ಮೇಲೆದ್ದು, ಒಂದು ಅಡ್ಡಮರಕ್ಕೆ ಬಡಿದು ನಿಲ್ಲುತ್ತದೆ. ಒಳಗಿದ್ದದ್ದು ಹಾರುತ್ತದೆ. ಹಾರುವುದು ನೆಲಮಟ್ಟದಿಂದಲೇ ಹೊರಡಲಿ ಎಂದು ಏತವನ್ನು ತಗ್ಗಿನಲ್ಲಿ ಇಳಿಸಿ ಹೂಡಿದ. ನೀರೆತ್ತುವ ಏತ ಹೀಗೆ ಕವಣೆಯಾಯಿತು.

ಊರಿನವರು ನೆರವಿಗೆ ಬಂದರು. ಅವರೆಲ್ಲ ಹೊಲ ಅಳೆದು ಬದುಕಿದ ಜನ. ಈ ಗಡಿಗೊಂದು ಗೂಟ, ಆ ಗಡಿಗೊಂದು ಗೂಟ, ನಡುವೆ ಹಗ್ಗ. ಅಲ್ಲಿಗೆ ಅವರ ಅಳತೆ ಮುಗಿಯಿತು. ಬೇಸಿಗೆಯಲ್ಲಿ ಹರಿಗೋಲಿನವರು ಅಳೆದಿದ್ದರಿಂದ ನಡುಗಡ್ಡೆಗಿರುವ ದೂರ ಎಲ್ಲರಿಗೂ ಗೊತ್ತಿತ್ತು. ಹೊಲದಲ್ಲಿ ಅಷ್ಟೇ ದೂರಕ್ಕೆ ಎರಡು ಗೂಟ ನೆಟ್ಟರು. ಮದ್ದಿನ ಗಂಟಿನಷ್ಟೇ ತೂಕದ ಮಣ್ಣಿನ ಉಂಡೆ ಮಾಡಿ ಹಾರಿಸಿದರು. ಭಾರ ಕೂಡಿಸಿ, ಕಳೆದು, ಕೊನೆಗೆ ಉಂಡೆ ಪ್ರತಿ ಸಲವೂ ಆಚೆಯ ಗೂಟದ ಬುಡದಲ್ಲೇ ಬೀಳತೊಡಗಿತು. ಕೇಕೆ ಹಾಕಿದರು. ಏತವನ್ನು ಹೊತ್ತು ಹೊಳೆಗೆ ನಡೆದರು.

ದಡಕ್ಕೂ ನಡುಗಡ್ಡೆಗೂ ನಟ್ಟನಡುವೆ ಒಂದು ಬಂಡೆ, ಬಂಡೆಯ ಮೇಲೊಂದು ಮರ. ಮೊದಲ ಗಂಟು ಆ ಮರದ ಕೊಂಬೆಗೆ ಬಡಿದು ನೀರಿಗೆ ಬಿತ್ತು.

ಮರ ಅವರಿಗೆ ಕಂಡಿರಲಿಲ್ಲವೇ ಎಂದು ಕೇಳಬೇಡ ನಿರ್ವಾಣಿ. ಹುಟ್ಟಿದಾಗಿನಿಂದ ಕಂಡ ಮರ. ಉಂಡೆ ಅದರ ಮೇಲೆ ಹಾದುಹೋಗುತ್ತದೆ ಎಂದುಕೊಂಡಿದ್ದರು. ಹೊಲದಲ್ಲಿ ಒಬ್ಬನಾದರೂ ಕತ್ತೆತ್ತಿದ್ದರೆ ಗೊತ್ತಾಗುತ್ತಿತ್ತು. ಎಲ್ಲರ ಕಣ್ಣೂ ಗೂಟದ ಮೇಲೆ!

ಇನ್ನೂ ಜೋರಾಗಿ ಹಾರಿಸೋಣ ಎಂದರು ಕೆಲವರು. ಜೋರು ಮಾಡಿದರೆ ಗಂಟು ನಡುಗಡ್ಡೆಯನ್ನೇ ದಾಟಿ ಆಚೆಯ ನೀರಿಗೆ ಬೀಳುತ್ತದೆ. ಉಳಿದದ್ದು ಒಂದೇ ಗಂಟು. ರೈತ ಅದನ್ನು ಎದೆಗೆ ಒತ್ತಿಕೊಂಡು ದಡದಲ್ಲಿ ಕೂತುಬಿಟ್ಟ. ಆಗ ಅವನ ಹೆಂಡತಿ ಅಂದಳು: "ಬಿದ್ದ ಜಾಗ ಎಲ್ರೂ ನೋಡಿದ್ರಿ. ಗಾಳೀಲಿದ್ದಾಗ ಅದು ಎಲ್ಲಿತ್ತು ಅಂತ ನೋಡಾನ ಬಾ."

ಗಂಡ ಹೆಂಡಿರು ಹೊಲಕ್ಕೆ ಮರಳಿದರು. ಗೂಟಗಳ ನಡುವಣ ದೂರವನ್ನು ಹತ್ತು ಪಾಲು ಮಾಡಿದರು. ಊರಲ್ಲಿದ್ದ ಅತಿ ಉದ್ದದ ಎರಡು ಬಿದಿರಿನ ಗಳೆ ತಂದು, ನಡುವೆ ಅವಳ ಹಳೆಯ ಸೀರೆ ಕಟ್ಟಿ, ಮೊದಲ ಪಾಲು ಮುಗಿಯುವಲ್ಲಿ ನಿಲ್ಲಿಸಿದರು. ಕೆಮ್ಮಣ್ಣಿನ ಹಸಿ ಉಂಡೆ ಹಾರಿಸಿದರೆ ಸೀರೆಯ ಮೇಲೆ ಗುರುತು ಬೀಳುತ್ತದೆ. ಗುರುತು ಒಂಬತ್ತು ಮೊಳ ಎತ್ತರದಲ್ಲಿ ಬಿತ್ತು. ಎರಡನೆಯ ಪಾಲಿನಲ್ಲಿ ಹದಿನಾರು ಮೊಳ. ಮೂರನೆಯದಕ್ಕೆ ಗಳೆ ಸಾಲದೆ ಉಂಡೆ ಸೀರೆಯ ಮೇಲಿಂದ ಹಾರಿಹೋಯಿತು. ಮರ ಇರುವುದು ನಡುವಿನಲ್ಲಿ, ಐದನೆಯ ಪಾಲಿಗೆ. ಅಲ್ಲಿಗೆ ಎಟುಕುವ ಗಳೆ ಲೋಕದಲ್ಲೇ ಇರಲಿಲ್ಲವೆನ್ನು.

ರೈತ ಬದುವಿನ ಮೇಲೆ ಕೂತು ಯೋಚಿಸಿದ. ಒಂಬತ್ತು ಏಕೆ, ಹದಿನಾರು ಏಕೆ? ಆ ಹೊತ್ತಿನಲ್ಲೂ ಅವನಿಗೆ ಕುತೂಹಲ ಹುಟ್ಟಿತು. ಬಾಯಲ್ಲಿ ತಾನಾಗಿ ಮಗ್ಗಿ ಬಂತು. ಒಂದು ಪಾಲು ಈಚೆ, ಒಂಬತ್ತು ಪಾಲು ಆಚೆ: ಒಂದೊಂಬತ್ಲಿ ಒಂಬತ್ತು. ಎರಡು ಪಾಲು ಈಚೆ, ಎಂಟು ಪಾಲು ಆಚೆ: ಎರಡೆಂಟ್ಲಿ ಹದಿನಾರು. ಗೂಟದ ಹತ್ತಿರ ಈಚೆ ಏನೂ ಇಲ್ಲ, ಆಚೆ ಹತ್ತು: ಗುಣಿಸಿದರೆ ಸೊನ್ನೆ, ಉಂಡೆ ನೆಲದಲ್ಲೇ ಇದೆ. ಹಾಗಾದರೆ ನಟ್ಟನಡುವೆ ಐದೈದ್ಲಿ ಇಪ್ಪತ್ತೈದು! ಆ ಮರ ಹತ್ತಿ ಜೇನು ಕಿತ್ತವರನ್ನು ಕೇಳಿದ. ದಡದ ಮಟ್ಟದಿಂದ ಮರದ ನೆತ್ತಿ ಮೂವತ್ತು ಮೊಳ ಎಂದರು. ಗಂಟು ಏಕೆ ಬಡಿಯಿತೆಂದು ಅವನಿಗೆ ತಿಳಿಯಿತು.

ಲೆಕ್ಕ ಯಾವಾಗಲೂ ಇಷ್ಟು ನಯವಾಗಿ ಕೂಡಿಬರುವುದಿಲ್ಲ. ನಿನ್ನ ತಲೆಗೆ ಹತ್ತಲಿ ಎಂದು ನಾನೇ ಸ್ವಲ್ಪ ಸವರಿ ಹೇಳುತ್ತಿದ್ದೇನೆ. ಓದಿದವರು ಇದನ್ನು ವರ್ಗಸಮೀಕರಣ ಎನ್ನುತ್ತಾರೆ. ಆ ಹೆಸರು ಕೇಳಿದರೆ ಅರ್ಧ ಜನ ಎದ್ದು ಓಡುತ್ತಾರೆ. ರೈತನಿಗೆ ಹೆಸರು ಗೊತ್ತಿರಲಿಲ್ಲ, ಆದ್ದರಿಂದ ಓಡಲಿಲ್ಲ.

ಚೀಲದ ತುದಿ ಬೇಗನೆ ಬಡಿದು ನಿಲ್ಲಲಿ ಎಂದು ಅವನು ಅಡ್ಡಮರವನ್ನು ಹಿಂದಕ್ಕೆ ಸರಿಸಿದ. ಉಂಡೆ ಮೊದಲಿಗಿಂತ ನೆಟ್ಟಗೆ ಏರಿತು, ಆದರೆ ಗೂಟ ಮುಟ್ಟಲಿಲ್ಲ. ಇನ್ನೊಂದಿಷ್ಟು ಭಾರ ಕಟ್ಟಿದ. ಗೂಟದ ಬುಡಕ್ಕೆ ಬಂದು ಬಿತ್ತು. ಈಗ ಮೊದಲ ಪಾಲಿನ ಗುರುತು ಹನ್ನೆರಡು ಮೊಳಕ್ಕಿತ್ತು. ಸೀರೆಯನ್ನು ಆಚೆಯ ಗೂಟಕ್ಕೆ ಒಂದು ಪಾಲು ಇರುವಲ್ಲಿ ನಿಲ್ಲಿಸಿದ. ಅಲ್ಲೂ ಹನ್ನೆರಡು. ಒಂಬತ್ತಕ್ಕೆ ಅದರ ಮೂರರಲ್ಲೊಂದು ಪಾಲು ಹೆಚ್ಚಿದೆ. ಇಪ್ಪತ್ತೈದಕ್ಕೂ ಹಾಗೆಯೇ ಹೆಚ್ಚಿದರೆ ಮೂವತ್ತಮೂರು. ಮರ ದಾಟಿ ಮೂರು ಮೊಳ ಮಿಗುತ್ತದೆ.

ಹೊಳೆಯ ದಡದಲ್ಲಿ ಊರಗೌಡ ಅವನ ತೋಳು ಹಿಡಿದ. "ಮ್ಯಾಲಕ್ಕೆ ಎಸುದ್ರೆ ಮುಂದಕ್ಕೆ ಹೆಂಗೆ ಹೋಗ್ತದಯ್ಯಾ? ಇರೋದು ಒಂದೇ ಗಂಟು. ಮಗಳದೋ ಮೊಮ್ಮಗೀಂದೋ, ಒಂದು ಜೀವ ಕಣೋ."

"ಯಾರಾದ್ರೂ ನನ್ನವರೇ ಗೌಡ್ರೆ. ಅದಕ್ಕೇ ಎರಡು ಸಲ ಅಳೆದು ಬಂದೀನಿ" ಎಂದ ರೈತ.

ಗಂಟನ್ನು ಚೀಲದಲ್ಲಿಟ್ಟು ಹಗ್ಗ ಹಿಡಿದು ಕೆಳಗೆ ಜಗ್ಗಿದ. ಹಗ್ಗ ಬಿಟ್ಟ. ಈ ಸಲ ಇಡೀ ಊರು ಕತ್ತೆತ್ತಿತ್ತು. ಗಂಟು ಏರಿತು, ಮರದ ನೆತ್ತಿಯ ಮೇಲೆ ಹಾದು ಬಾಗಿತು, ಮಗಳ ಮನೆಯ ಮುಂದಿನ ಕಣದಲ್ಲಿ ಬಿತ್ತು. ಜ್ವರ ಬಂದದ್ದು ಕೂಸಿಗೆ; ಅದು ಬದುಕಿತು.

ಗುರುಗಳು ಅಷ್ಟಕ್ಕೆ ನಿಲ್ಲಿಸಿದರು. ನಿರ್ವಾಣಿ ಬೆರಳು ಮಡಚಿ ಮೂರೇಳ್ಲಿ ಇಪ್ಪತ್ತೊಂದು, ನಾಲ್ಕಾರ್ಲಿ ಇಪ್ಪತ್ನಾಲ್ಕು ಎಂದು ಎಣಿಸಿ ನೋಡುತ್ತಿದ್ದ. ಲೆಕ್ಕ ಅವನಿಗೆ ಬಹಳ ಹಿಡಿಸಿತ್ತು. ಆಮೇಲೆ ಬಾಗಿಲಲ್ಲಿ ಕಾಯುತ್ತಿದ್ದವನ ನೆನಪಾಗಿ ತಲೆಯೆತ್ತಿದ.

"ಕತೆ ಚೆನ್ನಾಗಿದೆ ಬುದ್ಧೀ. ಆದರೆ ನಾನು ಕೇಳಿದ್ದು ಮಡಿವಾಳನ ವಿಷಯ. ಅವನು ಕಳ್ಳನಾಗಿ ಬಂದ, ಜಗಳಗಂಟನಾಗಿ ಹೋದ. ಇದರಲ್ಲಿ ಅಳೆಯುವುದು ಇನ್ನೇನು ಉಳಿದಿದೆ?"

"ಅಷ್ಟು ವರ್ಷ ನಿನ್ನ ಪಂಕ್ತಿಯಲ್ಲೇ ಕೂತು ಉಂಡನಲ್ಲ, ಅವನು ಎಷ್ಟು ಎತ್ತರಕ್ಕೆ ಏರಿದ್ದ ಎಂದು ಒಂದು ದಿನವಾದರೂ ಕತ್ತೆತ್ತಿ ನೋಡಿದ್ದೆಯಾ?" ಎಂದರು ಗುರುಗಳು.

ನಿರ್ವಾಣಿ ಎದ್ದು, ಮಡಿವಾಳ ಕಾಯುತ್ತಿದ್ದ ಬಾಗಿಲ ಕಡೆಗೆ ನಡೆದ.