ಅಮ್ಮನ ಮಾತು ಮೀರದ ತಿಮೊಫೇಯ್

ನಿಜವೋ ಸುಳ್ಳೋ ನನಗೆ ಗೊತ್ತಿಲ್ಲ. ಕೇಳಿದ್ದನ್ನ ಹೇಳ್ತೀನಿ, ಹೇಳಿದ್ದನ್ನ ಕೇಳಿ. ನಡುವೆ ಬಾಯಿ ಹಾಕಿದರೆ ಎದ್ದು ಹೋಗ್ತೀನಿ.

ರಷ್ಯಾ ದೇಶ. ಅದರಲ್ಲಿ ಸೈಬೀರಿಯಾ. ಉಗುಳಿದರೆ ನೆಲ ಮುಟ್ಟೋದರೊಳಗೆ ಗಡ್ಡೆ ಕಟ್ಟೋ ಚಳಿ. ಅಲ್ಲಿ ಸೊಸ್ನೊವ್ಕ ಅಂತ ಒಂದೂರು. ಆ ಊರಿನ ಹೈಸ್ಕೂಲಿನಲ್ಲಿ ಮಕ್ಕಳಿಗೆ ಅಡಿಗೆ ಮಾಡೋ ಹೆಂಗಸು ಮಾರ್ಫಾ. ಗಂಡ ತೀರಿಕೊಂಡಿದ್ದ. ಒಬ್ಬನೇ ಮಗ. ಹೆಸರು ತಿಮೊಫೇಯ್. ದಿನಾ ಅಷ್ಟುದ್ದ ಯಾರು ಕರೀತಾರೆ? ಅವಳು ತೀಮಾ ಅಂತಿದ್ದಳು. ನಮ್ಮ ಬಾಯಿಗೆ ಬಂದರೆ ತಿಮ್ಮ, ಅಷ್ಟೆ. ಹದಿನೇಳು ವರ್ಷ. ಬಾಗಿಲಿಗೆ ತಲೆ ತಾಗೋ ಎತ್ತರ.

ಹೇಳಿದ್ದನ್ನ ಹೇಳಿದ ಹಾಗೇ ಮಾಡೋದು, ಅದೇ ಅವನ ಕಾಯಿಲೆ. "ಹಾಲು ಒಲೆ ಮೇಲಿದೆ, ನೋಡ್ತಾ ಇರೋ" ಅಂದಳು ತಾಯಿ. ನೋಡ್ತಾ ಇದ್ದ. ಹಾಲು ಉಕ್ಕಿತು. ನೋಡಿದ. ಒಲೆ ಆರಿತು. ಅದನ್ನೂ ನೋಡಿದ. "ಚಳಿ ಕಣೋ, ತಲೆ ಮೇಲಿನ ಟೋಪಿ ತೆಗೀಬೇಡ" ಅಂದಳು. ತೆಗೀಲಿಲ್ಲ. ಚಳಿಗಾಲ ಮುಗಿಯೋ ತನಕ ಟೋಪಿ ಹಾಕಿಕೊಂಡೇ ಸ್ನಾನ ಮಾಡಿದ.

"ನನ್ನ ಹೊಟ್ಟೇಲಿ ಹುಟ್ಟಿದ್ದು ಮಗನೋ, ಮರದ ಕೊರಡೋ!" ಅಂತ ಮಾರ್ಫಾ ಹಣೆ ಹಣೆ ಚಚ್ಚಿಕೊಳ್ತಿದ್ದಳು. ಆದರೆ ಬೇರೆ ಯಾರಾದರೂ ಅವನನ್ನ ಪೆದ್ದ ಅಂದರೆ ಸೌಟು ಹಿಡಿದು ಬೀದಿಗೆ ಇಳೀತಿದ್ದಳು. ಹೆತ್ತವರಿಗೆ ಹೆಗ್ಗಣ ಮುದ್ದು. ನಗಬೇಡಿ, ನನ್ನನ್ನೂ ಚಿಕ್ಕಂದಿನಲ್ಲಿ ಪೆದ್ದ ಅಂತಲೇ ಕರೀತಿದ್ದರು. ಅದಕ್ಕೇ ಈ ಹುಡುಗನ ಮೇಲೆ ನನಗೆ ಸ್ವಲ್ಪ ಪ್ರೀತಿ ಜಾಸ್ತಿ.

ಆ ಸ್ಕೂಲಿನ ರಾಯಿಸಾ ಟೀಚರ್ ಹತ್ತು ಮಕ್ಕಳನ್ನ ಅಮೆರಿಕಕ್ಕೆ ಕರಕೊಂಡು ಹೊರಟರು. ಏನಕ್ಕೆ? ಅಲ್ಲಿನ ಯೂನಿವರ್ಸಿಟಿಗಳನ್ನ ನೋಡಿಕೊಂಡು ಬರೋಕೆ. ಐದು ಯೂನಿವರ್ಸಿಟಿ. ಐದನೆಯದರಲ್ಲಿ ಎಲ್ಲರಿಗೂ ಸಂದರ್ಶನ. ಅದರಲ್ಲಿ ಗೆದ್ದವರಿಗೆ ಒಂದು ಸೀಟು. ಒಂದೇ ಒಂದು. ನಾಲ್ಕು ವರ್ಷ ಓದು, ಊಟ, ವಸತಿ ಎಲ್ಲಾ ಧರ್ಮಕ್ಕೆ.

ಹೊರಡೋಕೆ ವಾರ ಇದ್ದ ಹಾಗೆ ಹತ್ತು ಮಕ್ಕಳಲ್ಲಿ ಒಬ್ಬನಿಗೆ ಮಂಗನಬಾವು ಬಂತು. ಒಂದು ಜಾಗ ಖಾಲಿ. "ಅಡಿಗೆ ಮಾರ್ಫಾಳ ಮಗನನ್ನ ಕಳಿಸಿ" ಅಂದರು ಹೆಡ್ಮಾಸ್ತರು. ಒಂದು ವಾರದಲ್ಲಿ ವೀಸಾ ಹೇಗೆ ಸಿಕ್ಕಿತು ಅಂತ ಕೇಳಬೇಡಿ. ಕತೆಯಲ್ಲಿ ಸಿಗುತ್ತೆ.

ಮಾರ್ಫಾಗೆ ಮೂರು ದಿನ ನಿದ್ದೆ ಇಲ್ಲ. "ದೇವರೇ, ಆ ಒಂದು ಸೀಟು ನನ್ನ ತೀಮಾಗೆ ಸಿಕ್ಕಿಬಿಡಲಿ. ಈ ಊರಿನ ಬಾಯಿಗೆಲ್ಲ ಬೀಗ ಬೀಳಲಿ!" ಅಂತ ಮೊಂಬತ್ತಿ ಹಚ್ಚಿದ್ದೇ ಹಚ್ಚಿದ್ದು. ಹೊರಡೋ ದಿನ ಮಗನ ಕೋಟಿನ ಗುಂಡಿ ಹಾಕ್ತಾ ಬುದ್ಧಿ ಹೇಳಿದಳು.

"ನೋಡು ಮಗನೇ, ಪರದೇಶದ ರೀತಿ ನಮಗೆ ಗೊತ್ತಿಲ್ಲ. ಯಾರು ನಿನಗೆ ದಾರಿ ತೋರಿಸ್ತಾರೋ, ಅವರು ಮಾಡಿದ ಹಾಗೇ ಮಾಡು. ಆಯ್ತಾ?"

"ಆಯ್ತಮ್ಮ."

ಮೊದಲನೇ ಯೂನಿವರ್ಸಿಟಿ. ದಾರಿ ತೋರಿಸೋಕೆ ಅಲ್ಲೇ ಓದೋ ಒಬ್ಬ ಹುಡುಗಿ ಬಂದಳು. ಅಮೆರಿಕದಲ್ಲಿ ಇದಕ್ಕೊಂದು ಪದ್ಧತಿ ಇದೆ. ದಾರಿ ತೋರಿಸೋರು ಎಲ್ಲರ ಹಾಗೆ ಮುಂದೆ ನೋಡಿಕೊಂಡು ನಡೆಯೋದಿಲ್ಲ. ಬಂದವರ ಕಡೆ ಮುಖ ಮಾಡಿ, ಮಾತಾಡ್ತಾ ಮಾತಾಡ್ತಾ ಹಿಂದಕ್ಕೆ ಹೆಜ್ಜೆ ಹಾಕ್ತಾರೆ. ಎಡವೋದೂ ಇಲ್ಲ, ಬೀಳೋದೂ ಇಲ್ಲ. ಅಷ್ಟು ಅಭ್ಯಾಸ. "ಇದು ಲೈಬ್ರರಿ" ಅಂತಾಳೆ, ಒಂದು ಹೆಜ್ಜೆ ಹಿಂದೆ. "ಇದು ಗಣಿತದ ವಿಭಾಗ" ಅಂತಾಳೆ, ಇನ್ನೊಂದು ಹೆಜ್ಜೆ ಹಿಂದೆ.

ತೀಮಾ ನೋಡಿದ. ಅವರು ಮಾಡಿದ ಹಾಗೇ ಮಾಡು ಅಂದಿದಾಳಲ್ಲ ಅಮ್ಮ! ಇವನೂ ಹಿಂದಕ್ಕೆ ಹೆಜ್ಜೆ ಹಾಕಿದ. ಅವಳು ಆ ಕಡೆ, ಇವನು ಈ ಕಡೆ. ಅವಳೊಂದು ಹೆಜ್ಜೆ, ಇವನೊಂದು ಹೆಜ್ಜೆ. ಮರ ದಾಟಿದ, ಹುಲ್ಲು ದಾಟಿದ, ಕಲ್ಲುಬೆಂಚು ದಾಟಿದ. ಅವಳು "ಇದು ನಮ್ಮ ಹೆಸರುವಾಸಿ ಕೊಳ" ಅಂತ ಇವನ ಕಡೆ ಕೈ ತೋರಿಸೋದಕ್ಕೂ, ಇವನು ದುಡುಂ ಅಂತ ಅದರೊಳಗೆ ಬೀಳೋದಕ್ಕೂ ಸರಿಹೋಯ್ತು. ಬಾತುಕೋಳಿಗಳೆಲ್ಲ ಕ್ವಾಕ್ ಕ್ವಾಕ್!

ರಾಯಿಸಾ ಟೀಚರ್ ಮಾರ್ಫಾಗೆ ಫೋನು ಹಚ್ಚಿ ಅವನ ಕೈಗೆ ಕೊಟ್ಟರು.

"ಅಯ್ಯೋ ಮುಟ್ಠಾಳ! ಬೆನ್ನು ಮುಂದೆ ಮಾಡಿಕೊಂಡು ಯಾರಾದರೂ ನಡೀತಾರೇನೋ!"

"ಅವಳು ನಡೆದಳಲ್ಲಮ್ಮ!"

"ಅವಳಿಗೆ ಬುದ್ಧಿ ಇಲ್ಲ, ನಿನಗೂ ಇಲ್ಲವಾ? ಹಂಗೆ ಹಿಂದಕ್ಕೆ ನಡೆಯೋರು ಕಂಡರೆ ಭುಜ ಹಿಡಿದು ನೆಟ್ಟಗೆ ತಿರುಗಿಸಬೇಕು. ಗೊತ್ತಾಯ್ತಾ?"

"ಗೊತ್ತಾಯ್ತಮ್ಮ."

ಎರಡನೇ ಯೂನಿವರ್ಸಿಟಿ. ಇಲ್ಲಿ ದಾರಿ ತೋರಿಸೋಕೆ ಒಬ್ಬ ಹುಡುಗ, ಬಾಸ್ಕೆಟ್‌ಬಾಲ್ ಆಡೋನು, ತೀಮಾಗಿಂತ ಒಂದು ಗೇಣು ಎತ್ತರ. ಅವನೂ ಹಿಂದಕ್ಕೆ ನಡೆಯೋಕೆ ಶುರು ಮಾಡಿದ. ತೀಮಾ ಓಡಿದ, ಭುಜ ಹಿಡಿದ, ತಿರುಗಿಸಿದ! "ಏನಿದು?" ಅಂತ ಅವನು ಈ ಕಡೆ ತಿರುಗಿದ. ತೀಮಾ ಆ ಕಡೆ ತಿರುಗಿಸಿದ. ಅವನು ಈ ಕಡೆ, ಇವನು ಆ ಕಡೆ. ಬೀಸೋಕಲ್ಲು ತಿರುಗಿದ ಹಾಗೆ ಇಬ್ಬರೂ ಗರಗರ ತಿರುಗಿದರು. ಬೆಳಗ್ಗೆ ತಿಂದ ಹತ್ತು ದೋಸೆಯಷ್ಟು ಪ್ಯಾನ್‌ಕೇಕು ಆ ಹುಡುಗನ ಹೊಟ್ಟೆಯಿಂದ ಹೊರಗೆ ಬಂತು. ಕಾವಲುಗಾರರು ಬಂದರು. ಟೀಚರ್ ಕೈ ಮುಗಿದು ಬಿಡಿಸಿಕೊಂಡರು.

ಫೋನು.

"ಪರದೇಶದವರ ಮೈಮೇಲೆ ಕೈ ಹಾಕ್ತಾರೇನೋ ಪಾಪಿ! ಇನ್ನು ಯಾರನ್ನೂ ಮುಟ್ಟಬೇಡ. ಕೈ ಕಟ್ಟಿ ನಿಂತ್ಕೋ. ನಗ್ತಾ ಇರು! ಅಮೆರಿಕದವರು ಸಿಕ್ಕಸಿಕ್ಕಿದವರಿಗೆಲ್ಲ ನಗ್ತಾರಂತೆ, ನೀನೂ ಹಲ್ಲು ಕಾಣೋ ಹಾಗೆ ನಗು!"

"ಸರಿಯಮ್ಮ."

ಇಲ್ಲೊಂದು ಮಾತು ಹೇಳಬೇಕು. ಅವರ ಊರಲ್ಲಿ ಸುಮ್ಮಸುಮ್ಮನೆ ನಗೋದಿಲ್ಲ. ಕಾರಣ ಇಲ್ಲದೆ ನಕ್ಕರೆ ತಲೆ ಕೆಟ್ಟಿದೆ ಅಂತಾರೆ. ಪಾಪ, ಹುಡುಗನಿಗೆ ಅಭ್ಯಾಸ ಇಲ್ಲ. ಬಸ್ಸಿನ ಕಿಟಕಿ ಗಾಜಿನಲ್ಲಿ ನೋಡಿಕೊಂಡು ದಾರಿಯುದ್ದಕ್ಕೂ ಕಲಿತ. ಮೂವತ್ತೆರಡೂ ಹಲ್ಲು ಹೊರಗೆ.

ಮೂರನೇ ಯೂನಿವರ್ಸಿಟಿಯಲ್ಲಿ ಅವತ್ತು ಬೇಸ್‌ಬಾಲ್ ಪಂದ್ಯ. ಅವರ ತಂಡ ಮೂವತ್ತು ವರ್ಷದಿಂದ ಪಕ್ಕದೂರಿನ ತಂಡವನ್ನ ಸೋಲಿಸೋಕೆ ಕಾದಿತ್ತು. ಇನ್ನೇನು ಗೆದ್ದೇಬಿಟ್ಟರು ಅನ್ನೋವಾಗ ಸೋತರು. ಕಂಬದಂಥ ಗಂಡಸರು ಮೆಟ್ಟಿಲ ಮೇಲೆ ಸಾಲಾಗಿ ಕೂತು ಗೊಳೋ ಅಂತ ಅಳ್ತಿದ್ದರು. ತೀಮಾ ಹೋಗಿ ಅವರ ಎದುರಿಗೆ ನಿಂತ. ಕೈ ಕಟ್ಟಿದ. ಹಲ್ಲು ಕಿರಿದ. ಒಬ್ಬ ತಲೆ ಎತ್ತಿ ನೋಡಿದ. ಇಬ್ಬರು ನೋಡಿದರು. ಒಂಬತ್ತು ಜನವೂ ನೋಡಿದರು. ಇವನು ಇನ್ನಷ್ಟು ಕಿರಿದ.

ಅಟ್ಟಿಸಿಕೊಂಡು ಬಂದರು ನೋಡಿ! ತೀಮಾ ಮುಂದೆ, ಒಂಬತ್ತು ದಾಂಡಿಗರು ಹಿಂದೆ. ಓಡ್ತಾ ಓಡ್ತಾನೂ ಹುಡುಗ ನಗೋದು ಬಿಡಲಿಲ್ಲ. ಅಮ್ಮ ನಿಲ್ಲಿಸು ಅಂದಿರಲಿಲ್ಲವಲ್ಲ!

ಬಸ್ಸು ಹತ್ತಿ ಬಾಗಿಲು ಹಾಕಿಕೊಂಡ ಮೇಲೆ ಫೋನು.

"ದೊಡ್ಡ ದೊಡ್ಡ ಗಂಡಸರು ಸಾಲಾಗಿ ಕೂತು ಅಳ್ತಿದ್ದರಮ್ಮ. ನಾನು ನಕ್ಕೆ."

"ಶಿವನೇ!" ಅಂದಳು ಮಾರ್ಫಾ. ಅವಳು ಅಂದಿದ್ದು ಅವಳ ದೇವರ ಹೆಸರು, ನನ್ನ ಬಾಯಲ್ಲಿ ಹೀಗೆ ಬಂತು. "ಯಾರು ಸತ್ತಿದ್ದರೋ ಏನೋ ಪಾಪ! ಸಾವಿನ ಮುಂದೆ ನಗ್ತಾರೇನೋ ಕಲ್ಲುಗುಂಡೇ? ಕಣ್ಣೀರು ಹಾಕೋರು ಕಂಡರೆ ತಲೆ ತಗ್ಗಿಸಿ ಹತ್ತಿರ ಹೋಗು. ಎರಡು ಹೂವು ಕೊಡು. 'ಬಹಳ ನಷ್ಟ ಆಯ್ತು, ಧೈರ್ಯ ತಂದುಕೊಳ್ಳಿ' ಅನ್ನು."

ಎರಡು ಹೂವು ಯಾಕೆ ಅಂತೀರಾ? ರಷ್ಯಾ ದೇಶದ ಲೆಕ್ಕ ಅದು. ಮದುವೆಗೆ, ಹುಟ್ಟುಹಬ್ಬಕ್ಕೆ ಒಂದು, ಮೂರು, ಐದು ಹೀಗೆ ಬೆಸ ಸಂಖ್ಯೆಯ ಹೂವು ಕೊಡ್ತಾರೆ. ಎರಡು, ನಾಲ್ಕು, ಆರು ಅಂದರೆ ಅದು ಸತ್ತವರಿಗೆ ಮಾತ್ರ.

ನಾಲ್ಕನೇ ಯೂನಿವರ್ಸಿಟಿಗೆ ಹೋದರೆ ಏನು ನೋಡೋದು! ಬಯಲು ತುಂಬ ಜನ. ಹುಡುಗರು ಹುಡುಗಿಯರೆಲ್ಲ ಕಾಲಿನವರೆಗೂ ಕರೀ ನಿಲುವಂಗಿ ಹಾಕಿದಾರೆ. ತಲೆ ಮೇಲೆ ಕರೀ ಟೋಪಿ. ವಾದ್ಯ ನಿಧಾನಕ್ಕೆ ನುಡೀತಿದೆ. ತಾಯಂದಿರು ಕರವಸ್ತ್ರದಲ್ಲಿ ಕಣ್ಣು ಒರೆಸಿಕೊಳ್ತಿದಾರೆ. ಅದು ಪದವಿ ಕೊಡೋ ಸಮಾರಂಭ. ನಿಮಗೆ ಗೊತ್ತು, ನನಗೆ ಗೊತ್ತು. ತೀಮಾಗೆ ಯಾರು ಹೇಳಬೇಕು?

"ಅಯ್ಯೋ, ಇಷ್ಟು ದೊಡ್ಡ ಸಾವಾ!" ಅಂದುಕೊಂಡ. ಅವನ ಕಣ್ಣಲ್ಲೂ ನೀರು ಬಂತು, ಸುಳ್ಳಲ್ಲ. ಯೂನಿವರ್ಸಿಟಿಯವರು ಸಾಲಾಗಿ ಬೆಳೆಸಿದ್ದ ಹೂವನ್ನೆಲ್ಲ ಒಂದು ತೋಳು ತುಂಬ ಕಿತ್ತ. ಒಬ್ಬೊಬ್ಬ ತಾಯಿಯ ಹತ್ತಿರವೂ ಹೋದ. ತಲೆ ತಗ್ಗಿಸಿದ. ಎರಡು ಹೂವು ಕೊಟ್ಟ. "ಬಹಳ ನಷ್ಟ ಆಯ್ತು, ಧೈರ್ಯ ತಂದುಕೊಳ್ಳಿ" ಅಂದ.

"ನಿಜಾಪ್ಪ, ಫೀಸು ಕಟ್ಟಿ ಕಟ್ಟಿ ಸಾಕಾಯ್ತು" ಅಂದ ಒಬ್ಬ ಅಪ್ಪ. ಉಳಿದವರೂ ನಕ್ಕು ಹೂವು ತಗೊಂಡರು. ಕೊನೇ ಸಾಲಿನಲ್ಲಿ ಒಬ್ಬ ಅಜ್ಜಿ ಕೂತಿದ್ದಳು. ಐವತ್ತು ವರ್ಷದ ಹಿಂದೆ ರಷ್ಯಾ ಬಿಟ್ಟು ಬಂದವಳು. ಅವಳ ಕೈಗೂ ಹೂವು ಬಂತು. ಅಜ್ಜಿ ಹೂವು ನೋಡಿದಳು. ಒಂದು. ಎರಡು. ಮೂರನೆಯದು ಎಲ್ಲಿ ಅಂತ ಹುಡುಕಿದಳು. ಇಲ್ಲ!

"ಯಾರಿಗೋ ಇದು, ಮನೆಹಾಳ! ನನ್ನ ಮೊಮ್ಮಗಳು ಬದುಕಿದಾಳೆ ಕಣೋ! ಡಾಕ್ಟರಾಗಿದಾಳೆ ಕಣೋ!" ಅಂತ ಕೈಚೀಲದಲ್ಲಿ ಬಾರಿಸಿದಳು ನೋಡಿ, ಬೆನ್ನಿಗೊಂದು, ಭುಜಕ್ಕೊಂದು, ತಲೆಗೊಂದು. ಏಟು ಮಾತ್ರ ಬೆಸ ಸಂಖ್ಯೆ! ಅಜ್ಜಿ ನಿಲ್ಲಿಸೋ ಹೊತ್ತಿಗೆ ಹುಡುಗ ಹಣ್ಣಾದ.

ಈ ಸಲ ಫೋನಿನಲ್ಲಿ ಮಾರ್ಫಾ ಬೈಯಲಿಲ್ಲ. ಅತ್ತುಬಿಟ್ಟಳು. ನಾಳೆ ಸಂದರ್ಶನ. ಕೈಗೆ ಬಂದ ತುತ್ತು ಬಾಯಿಗೆ ಬರೋ ಹಾಗೆ ಕಾಣಲಿಲ್ಲ.

"ತಪ್ಪು ನಿಂದಲ್ಲ ಮಗನೇ, ನಂದು. ನಾನು ಬಾಯಿ ತೆರೆದಾಗೆಲ್ಲ ನಿನಗೆ ಏಟು ಬೀಳುತ್ತೆ. ಇವತ್ತಿಂದ ನನ್ನ ಮಾತು ಕೇಳಲೇಬೇಡ! ನಿನ್ನ ತಲೆಗೆ ಏನು ತೋಚುತ್ತೋ ಅದನ್ನೇ ಹೇಳು, ಅದನ್ನೇ ಮಾಡು!"

ತೀಮಾಗೆ ಭಯ ಆಯ್ತು. ಹದಿನೇಳು ವರ್ಷದಲ್ಲಿ ಅವನ ತಲೆಗೆ ಯಾರೂ ಕೆಲಸ ಕೊಟ್ಟಿರಲಿಲ್ಲ. ಏನು ತೋಚುತ್ತೋ ಅಂತ ಹೋಟೆಲಿನ ಮಂಚದ ಮೇಲೆ ಕಾದು ಕೂತ.

ಐದನೇ ಯೂನಿವರ್ಸಿಟಿ. ಸಂದರ್ಶನ ಮಾಡೋರು ಮಿಸೆಸ್ ವಿನ್‌ಸ್ಲೋ ಅಂತ ಒಬ್ಬ ವಯಸ್ಸಾದ ಹೆಂಗಸು. ಒಂಬತ್ತು ಮಕ್ಕಳೂ ಒಳಗೆ ಹೋಗಿ ಬಂದರು. "ಹತ್ತು ವರ್ಷ ಆದಮೇಲೆ ಏನಾಗಿರ್ತೀಯ?" ಅಂತ ಕೇಳಿದರೆ ಒಂಬತ್ತು ಜನವೂ "ಜಗತ್ತನ್ನೇ ಬದಲಾಯಿಸಿರ್ತೀನಿ" ಅಂದಿದ್ದರು. ಪಾಪ, ಆಕೆಗೆ ಆಕಳಿಕೆ ಮೇಲೆ ಆಕಳಿಕೆ. ಹತ್ತನೆಯವನಾಗಿ ತೀಮಾ ಹೋದ.

"ಹತ್ತು ವರ್ಷ ಆದಮೇಲೆ ಏನಾಗಿರ್ತೀಯಪ್ಪ?"

ತೀಮಾ ತಲೆಗೆ ಏನು ತೋಚುತ್ತೆ ಅಂತ ಕಾದ. ತೋಚಿತು.

"ಅಮ್ಮನ ಪಕ್ಕ ಕೂತು ಆಲೂಗೆಡ್ಡೆ ಸಿಪ್ಪೆ ತೆಗೀತಿರ್ತೀನಿ. ನಾನೂರು ಮಕ್ಕಳಿಗೆ ಸಾರು ಆಗಬೇಕಲ್ಲ. ಆಗ ಅಮ್ಮಂಗೆ ಕೈ ನೋವಿರುತ್ತೆ."

ಆಕೆ ಕನ್ನಡಕ ತೆಗೆದರು. "ನಿನ್ನಲ್ಲಿರೋ ದೊಡ್ಡ ದೋಷ ಯಾವುದು?"

"ಹೇಳಿದ್ದನ್ನ ಹೇಳಿದ ಹಾಗೇ ಮಾಡ್ತೀನಿ." ಅಂದು, ಬಿದ್ದಿದ್ದು, ತಿರುಗಿಸಿದ್ದು, ನಕ್ಕಿದ್ದು, ಏಟು ತಿಂದಿದ್ದು ಒಂದೂ ಬಿಡದೆ ಹೇಳಿದ. ಮಿಸೆಸ್ ವಿನ್‌ಸ್ಲೋ ನಕ್ಕು ನಕ್ಕು ಮೇಜಿನ ಮೇಲೆ ತಲೆ ಇಟ್ಟರು. ತಲೆ ಎತ್ತಿದಾಗ ಕಣ್ಣಲ್ಲಿ ನೀರಿತ್ತು. ನಲವತ್ತು ವರ್ಷದ ನೌಕರಿಯಲ್ಲಿ ಆ ಕುರ್ಚಿಯಲ್ಲಿ ಕೂತು ನಿಜ ಹೇಳಿದ ಮೊದಲನೇ ಹುಡುಗ ಇವನೇ ಅಂದರು. ಅವರೇ ಅಂದಿದ್ದು, ನಾನಲ್ಲ.

ಮಾರನೇ ದಿನ ಬೆಳಗ್ಗೆ ಸೀಟು ಯಾರಿಗೆ? ತೀಮಾಗೆ!

ರಾಯಿಸಾ ಟೀಚರ್ ಅಲ್ಲೇ ಕುರ್ಚಿಗೆ ಕುಸಿದರು. ಯೂನಿವರ್ಸಿಟಿಯವರು ಒಂದು ಹಾಳೆ ತಂದು ತೀಮಾ ಮುಂದೆ ಇಟ್ಟರು. ಮೇಲೆ ಎರಡು ಚೌಕ. ಒಂದರಲ್ಲಿ "ಬರುತ್ತೇನೆ", ಇನ್ನೊಂದರಲ್ಲಿ "ಬರುವುದಿಲ್ಲ". ಬರದಿದ್ದರೆ ಕಾರಣ ಬರೆಯೋಕೆ ಒಂದು ಗೆರೆ. ಕೆಳಗೆ ಸಹಿ. ಟೀಚರ್ ಊರಿಗೆ ಫೋನು ಹಚ್ಚಿದರು. ಅಡಿಗೆಮನೆಯಲ್ಲಿ ಮಾರ್ಫಾ ಕಿರುಚಿದ ಸದ್ದಿಗೆ ಹೆಡ್ಮಾಸ್ತರೂ ಓಡಿಬಂದರು. ಪೆದ್ದ ಅಂತಿದ್ದವರೆಲ್ಲ ಸುತ್ತ ನಿಂತು ಕೇಳಿಸಿಕೊಳ್ತಿದ್ದರು.

"ನನ್ನ ಬಂಗಾರ! 'ಬರುತ್ತೇನೆ' ಅನ್ನೋ ಕಡೆ ಗುರುತು ಹಾಕು! ಸಹಿ ಮಾಡು! ಬೇಗ!"

"ನಿನ್ನ ಮಾತು ಕೇಳಲೇಬೇಡ ಅಂದಿದ್ದೆಯಲ್ಲಮ್ಮ."

"ಅದು ಮೊನ್ನೆ ಕಣೋ!"

"'ಇವತ್ತಿಂದ' ಅಂದಿದ್ದೆ ನೀನು."

ಮಾರ್ಫಾ ತಲೆ ಮೇಲೆ ಕೈ ಹೊತ್ತಳು. ಆಮೇಲೆ ಅವಳಿಗೊಂದು ಉಪಾಯ ಹೊಳೆಯಿತು. ನನ್ನ ಮಾತು ಕೇಳೋದಿಲ್ಲ ತಾನೇ? ಹಾಗಾದರೆ ಉಲ್ಟಾ ಹೇಳ್ತೀನಿ! ಸುತ್ತ ನಿಂತವರಿಗೆ ಕಣ್ಣು ಹೊಡೆದು, ದನಿ ಏರಿಸಿ ಗದರಿಸಿದಳು.

"ಹಾಗಾದರೆ ಸೇರಬೇಡ! ಆ ಸೀಟು ನಮಗೆ ಬೇಡ! ಸೀದಾ ಮನೆಗೆ ಬಾ!"

ಆ ಕಡೆ ಹುಡುಗ ಕುರ್ಚಿ ಬಿಟ್ಟು ಎದ್ದೇಬಿಟ್ಟ.

"ಅಮ್ಮಾ!" ಅಂತ ಕೂಗಿದ ತೀಮಾ. "ನನ್ನ ತಲೆಗೂ ಬೆಳಗ್ಗೆಯಿಂದ ಅದೇ ತೋಚ್ತಾ ಇತ್ತಮ್ಮ! ಅದೇ! ನಿಂದೂ ನಂದೂ ಒಂದೇ ಆಯ್ತಲ್ಲಮ್ಮ!"

"ಅಲ್ಲ ಕಣೋ" ಅನ್ನೋಕೆ ಮಾರ್ಫಾ ಬಾಯಿ ತೆರೆದಳು. ಆದರೆ ಮಗನ ದನಿಯಲ್ಲಿ ಅಷ್ಟೊಂದು ಸಂತೋಷವನ್ನ ಅವಳು ಯಾವತ್ತೂ ಕೇಳಿರಲಿಲ್ಲ. ಮಾತು ನುಂಗಿಕೊಂಡಳು.

ತೀಮಾ ಪೆನ್ನು ತಗೊಂಡ. ಎರಡನೇ ಚೌಕಕ್ಕೆ ಗುರುತು ಹಾಕಿದ. ಕಾರಣ ಕೇಳಿದ್ದ ಗೆರೆಯ ಮೇಲೆ ದುಂಡಗೆ, ಒಂದೂ ತಪ್ಪಿಲ್ಲದೆ ಬರೆದ: "ಅಮ್ಮ ಬೇಡ ಅಂದಳು."